ಮೈಸೂರ ಕಡೆಯ ಲೈಬ್ರರಿ ಬಾಯಾರು

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಮಾಡಿದ ಘನಕಾರ್ಯವೆಂದರೆ ಬಂದವರಿಗೆಲ್ಲ ನೀರು ಕುಡಿಸಿದ್ದು.

ಬಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಸ್ನಾತಕೋತ್ತರ ಕೇಂದ್ರದ ಲೈಬ್ರರಿಯಲ್ಲಿ, ಪುಸ್ತಕ ಕೊಡುವ ಕೌಂಟರಿನ ಹಿಂದೆ ಕೂತು ಇನ್ನೂ ಕುರ್ಚಿ ಬೆಚ್ಚಗಾಗಿರಲಿಲ್ಲ. ಎತ್ತರದ ಹುಡುಗನೊಬ್ಬ ಬಂದು ನಿಂತು, "ಬಾಯಾರ..." ಎಂದ. ಹೊರಗೆ ಬಿಸಿಲು ಹೆಂಚಿನ ಮೇಲೆ ಹುರಿದ ಹಾಗೆ ಸುಡುತ್ತಿತ್ತು. ಪಾಪ, ಮಾತು ಪೂರ್ತಿ ಆಡಲೂ ಆಗದಷ್ಟು ಬಾಯಾರಿದೆ ಎಂದುಕೊಂಡು, "ಅಲ್ಲಿ ಮೂಲೆಯ ಕೊಡದಲ್ಲಿ ನೀರಿದೆ, ಕುಡಿದು ಬಾಪ್ಪ" ಎಂದೆ. ಅವನು ನನ್ನ ಮುಖ ನೋಡಿದ, ಕೊಡ ನೋಡಿದ, ಹೋಗಿ ಒಂದು ಲೋಟ ಕುಡಿದು ಬಂದ. ಮತ್ತೆ "ಬಾಯಾರ" ಎಂದ. ಇನ್ನೂ ತೀರಿಲ್ಲವೇನೋ! "ಇನ್ನೊಂದು ಲೋಟ ಕುಡಿ, ಸಂಕೋಚ ಬೇಡ" ಎಂದೆ. ಅವನ ಹಿಂದೆ ಸಿಂದಗಿಯ ಬಸ್ಸಿನಿಂದ ಇಳಿದು ಬಂದ ಇಬ್ಬರು ಹುಡುಗಿಯರಿದ್ದರು. ಅವರೂ "ಬಾಯಾರ" ಎಂದರು. ಅವರನ್ನೂ ಕೊಡದ ಹತ್ತಿರ ಕಳಿಸಿದೆ. ಈ ಸೀಮೆಯಲ್ಲಿ ನೀರಿಗೆ ಎಷ್ಟು ಕಷ್ಟ, ಲೈಬ್ರರಿಗೆ ಬರುವುದೇ ನೀರು ಕುಡಿಯಲಿಕ್ಕೆ ಎಂದು ಕಣ್ಣು ಒದ್ದೆಯಾಯಿತು.

ಕಡೆಗೆ ಲೈಬ್ರರಿಯ ಅಟೆಂಡರ್ ಪೀರಪ್ಪ ಬಂದ. ದಪ್ಪ ಮೀಸೆ, ಗುಡುಗಿನ ಧ್ವನಿ. "ಬಾಯಾರ, ಸಾಹೇಬ್ರು ಕರ್ಯಾಕತ್ತಾರ" ಎಂದ.

"ಮೊದಲು ನೀರು ಕುಡೀರಿ ಪೀರಪ್ಪ."

"ನನಗ ನೀರಡಿಕಿ ಆಗಿಲ್ರಿ."

"ಮತ್ತೆ ಬಾಯಾರಿದೆ ಅಂದಿರಲ್ಲ?"

ಪೀರಪ್ಪ ಸ್ವಲ್ಪ ಹೊತ್ತು ಛಾವಣಿ ನೋಡಿದ. ಆಮೇಲೆ ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದ: "ಬಾಯಾರ ಅಂದ್ರ ನೀವಽ ರಿ. ಕಲಿಸೋ ಹೆಣ್ಮಕ್ಕಳಿಗೆ, ಆಫೀಸಿನಾಗ ಇರೋ ಹೆಣ್ಮಕ್ಕಳಿಗೆ ನಾವು ಬಾಯಾರು ಅಂತೇವಿ. ನಿಮ್ಮ ಕಡೆ ಮೇಡಮ್ ಅಂತಾರಲ್ರಿ, ಹಂಗ."

ಮೂಲೆಯಲ್ಲಿ ಆ ಮೊದಲ ಹುಡುಗ ಮೂರನೆಯ ಲೋಟ ಹಿಡಿದು ನಿಂತಿದ್ದ. ನಾನು ಹೇಳಿದೆನೆಂದು ಕುಡಿಯುತ್ತಿದ್ದನಂತೆ.

ನಮ್ಮ ಮೈಸೂರು ಕಡೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದೇ ರಾಜ್ಯ, ಒಂದೇ ಭಾಷೆ, ಇದೂ ಒಂದು ವಲಸೆಯೇ ಎಂದು ನಗಬೇಡಿ. ನಾನು ನಾಗಮಣಿ, ತಿರುಮಕೂಡಲು ನರಸೀಪುರದವಳು. ಎರಡು ನದಿ ಸೇರುವ ಊರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ಮೂವತ್ತು ದಾಟುವುದಕ್ಕೆ ಸ್ವಲ್ಪ ಮುಂಚೆ, ತೊಂಬತ್ತರ ದಶಕದ ಕೊನೆಯಲ್ಲಿ, ಈ ಕೆಲಸ ಸಿಕ್ಕಿ ಇಲ್ಲಿಗೆ ಬಂದೆ. ಆದೇಶ ಬಂದ ದಿನ ಅಮ್ಮನಿಗೆ "ಇಂಡಿಗೆ ಹಾಕಿದ್ದಾರಮ್ಮ" ಎಂದೆ. ಅಮ್ಮ, "ಅದು ಗೊತ್ತು ಕಣೇ, ಇಂಡಿಯಾದಲ್ಲಿ ಯಾವೂರು?" ಎಂದಳು.

ಮನೆ ಹುಡುಕಿದ್ದು ಇನ್ನೊಂದು ಕಥೆ. ಒಂಟಿ ಹೆಂಗಸಿಗೆ ಮನೆ ಕೊಡಲು ನಮ್ಮ ಕಡೆಯವರೂ ಹಿಂದೆಮುಂದೆ ನೋಡುತ್ತಾರೆ. ಆದರೆ ಅಲ್ಲಿ, "ನಮ್ಮ ಮಗ ಬೆಂಗಳೂರಿಂದ ಬರ್ತಾನಂತೆ" ಎಂದು ಸುಳ್ಳು ಹೇಳಿ, ಕಾಫಿ ಕೊಟ್ಟು ಕಳಿಸುತ್ತಾರೆ. ಇಲ್ಲಿ ಬಾಗಿಲಲ್ಲೇ "ಒಬ್ಬಾಕಿನ? ಇಲ್ರಿ, ಕೊಡಂಗಿಲ್ಲ" ಎಂದುಬಿಡುತ್ತಾರೆ. ನನಗೆ ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ನಾಲ್ಕು ಬಾಗಿಲು ಹತ್ತಿಳಿದ ಮೇಲೆ, ಬಜಾರಿನ ಹಿಂದಿನ ಓಣಿಯಲ್ಲಿ ಹುಸೇನಬಿ ಅವರ ಮನೆ ತೋರಿಸಿದರು. ಅವರ ಗಂಡ ಖಾದರಸಾಬ್ ನಿಂಬೆಹಣ್ಣಿನ ವ್ಯಾಪಾರಿ. ಅಂಗಳದ ತುಂಬ ನಿಂಬೆ ರಾಶಿ. ಅದರ ನಡುವೆ ಹುಸೇನಬಿ ಕೂತು ಸಣ್ಣದು ದೊಡ್ಡದು ಬೇರೆ ಮಾಡುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ನಿಮ್ಮ ಮಾಲಕರು ಎಲ್ಲಿ ಅದಾರವಾ?"

ಮನೆ ಮಾಲೀಕರನ್ನು ಕೇಳುತ್ತಿದ್ದಾರೆ ಎಂದುಕೊಂಡೆ. "ಅವರನ್ನೇ ಹುಡುಕ್ತಾ ಇದ್ದೀನಮ್ಮ. ಬೆಳಗ್ಗೆಯಿಂದ ನಾಲ್ಕು ಕಡೆ ನೋಡಿದೆ. ಯಾರೂ ಒಪ್ತಾ ಇಲ್ಲ."

ಅವರ ಕೈಯಲ್ಲಿದ್ದ ನಿಂಬೆ ಕೈಯಲ್ಲೇ ಉಳಿಯಿತು. "ನಾಕ್ ಕಡೆ?"

"ಹೌದು. ಸಂಜೆಯೊಳಗೆ ಯಾರಾದರೂ ಒಬ್ಬರು ಒಪ್ಪಿದರೆ ಸಾಕು. ವಯಸ್ಸಾದವರಾದರೆ ಇನ್ನೂ ಒಳ್ಳೆಯದು, ತಂಟೆ ತಕರಾರು ಇರಲ್ಲ. ಅಡ್ವಾನ್ಸ್ ಈಗಲೇ ಕೊಡ್ತೀನಿ."

ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಕೊನೆಗೆ ಒಳಗಿದ್ದ ಗಂಡನನ್ನು ಕೂಗಿದರು: "ಏನ್ರೀ, ಹೊರಗ ಬರಬ್ಯಾಡ್ರಿ! ಈ ಹೆಣ್ಮಗಳು ವಯಸ್ಸಾದವರಽ ಬೇಕು ಅನ್ನಾಕತ್ತಾಳ!" ಆಮೇಲೆ ನನಗೆ ಮಾಲಕರು ಎಂದರೆ ಇಲ್ಲಿ ಗಂಡ ಎಂದು ಬಿಡಿಸಿ ಹೇಳಿದರು. ನಾನು ನಿಂತಲ್ಲೇ ಕರಗಿಹೋದೆ. ಆದರೆ ಖೋಲಿ ಸಿಕ್ಕಿತು. "ಇಷ್ಟು ಭೋಳೆ ಹುಡುಗಿನ್ನ ಬ್ಯಾರೆಯವರ ಕೈಯಾಗ ಹ್ಯಾಂಗ ಕೊಡೂದು?" ಎಂದು ಹುಸೇನಬಿ ಅಂಗಳದ ಮಗ್ಗುಲಿನ ಕೋಣೆಯ ಬೀಗ ತೆಗೆದರು. ಅಂದಿನಿಂದ ಅವರು ನನಗೆ ಚಾಚಿ.

ಚಾಚಿ ಮೊದಲ ದಿನ ಊಟಕ್ಕೆ ಕರೆದು, "ರೊಟ್ಟಿ ಐತಿ, ಹಿಂಡಿ ಐತಿ, ತಿನ್ನವಾ" ಎಂದಾಗ ನನಗೆ ಇನ್ನೊಂದು ಆಘಾತ. ನಮ್ಮಲ್ಲಿ ಹಿಂಡಿ ಹಾಕುವುದು ಹಸುವಿಗೆ. ಬಾಡಿಗೆಯವಳು ಎಂದು ಈ ಮಟ್ಟದ ತಾತ್ಸಾರವೇ ಎಂದುಕೊಂಡೇ ಕೂತೆ. ಬಟ್ಟಲಲ್ಲಿ ಬಂದದ್ದು ಶೇಂಗಾ ಹುರಿದು, ಕೆಂಪುಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಪುಡಿ. ಮೇಲೊಂದಿಷ್ಟು ಗಟ್ಟಿ ಮೊಸರು. ಎರಡು ರೊಟ್ಟಿ ತಿನ್ನುವವಳು ನಾಲ್ಕು ತಿಂದೆ. ಜೋಳದ ರೊಟ್ಟಿ ನುಂಗಲು ಮುದ್ದೆಯ ಹಾಗೆ ಸಲೀಸಲ್ಲ. ಮುದ್ದೆಯನ್ನು ಗಂಟಲು ನೋಡಿಕೊಳ್ಳುತ್ತದೆ, ರೊಟ್ಟಿಗೆ ದವಡೆಯೇ ದುಡಿಯಬೇಕು. ಮಾತೂ ಹಾಗೆಯೇ ಎಂದು ಆಮೇಲೆ ಅನ್ನಿಸಿತು. ನಮ್ಮ ಕಡೆ "ನೋಡೋಣ" ಎಂದರೆ ಆಗುವುದಿಲ್ಲ ಎಂದರ್ಥ. ಇಲ್ಲಿ "ಆಗಂಗಿಲ್ಲ" ಎಂದರೆ ಇನ್ನೂ ಕೇಳಿ ನೋಡಬಹುದು ಎಂದರ್ಥ. ಇದು ತಿಳಿಯಲು ನನಗೆ ಒಂದು ಬೇಸಿಗೆ ಬೇಕಾಯಿತು.

ಇನ್ನು ಲೈಬ್ರರಿ. ಅದಕ್ಕೆ ಮೊದಲು ಆ ಕಟ್ಟಡ ಶೇಂಗಾ ಎಣ್ಣೆಯ ಗೋದಾಮಾಗಿತ್ತು. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಎಣ್ಣೆಯ ವಾಸನೆ ಹೋಗಿರಲಿಲ್ಲ. ಅರ್ಥಶಾಸ್ತ್ರದ ಕಪಾಟು ತೆರೆದರೆ ಒಗ್ಗರಣೆ ಹಾಕಿದ ಹಾಗಾಗಿ ಹಸಿವಾಗುತ್ತಿತ್ತು. ಮೈಸೂರಿನಲ್ಲಿ ನಾನು ಓದಿದ ಲೈಬ್ರರಿಯಲ್ಲಿ ಪುಟ ತಿರುವಿದರೂ ಪಕ್ಕದವರು ತಲೆ ಎತ್ತುತ್ತಿದ್ದರು. ಇಲ್ಲಿ ಮುದ್ದೇಬಿಹಾಳದ ಹುಡುಗ ಈ ಮೂಲೆಯಲ್ಲಿ ಚರಿತ್ರೆಯನ್ನೂ, ಬಸವನ ಬಾಗೇವಾಡಿಯ ಹುಡುಗ ಆ ಮೂಲೆಯಲ್ಲಿ ಸಮಾಜಶಾಸ್ತ್ರವನ್ನೂ ಬಾಯಿಬಿಟ್ಟು ಓದುತ್ತಿದ್ದರು. ನಡುವೆ ಕೂತವರಿಗೆ ಎರಡೂ ವಿಷಯ ಪುಕ್ಕಟೆ ಕಿವಿಗೆ ಬೀಳುತ್ತಿತ್ತು. "ನಿಶ್ಶಬ್ದವಾಗಿರಿ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ತೂಗುಹಾಕಿದೆ. ಒಬ್ಬ ಹುಡುಗ ಅದನ್ನೂ ಗಟ್ಟಿಯಾಗಿ ಓದಿ ಒಳಗೆ ಹೋದ.

"ಮನಸ್ಸಿನಲ್ಲೇ ಓದಿಕೊಳ್ಳಪ್ಪ" ಎಂದರೆ ಅವನು, "ಮನಸಿನಾಗ ಓದಿದ್ರ ಮನಸಿಗಷ್ಟಽ ತಿಳೀತೈತ್ರಿ ಬಾಯಾರ. ಪರೀಕ್ಷಾದಾಗ ಕೈಗೆ ತಿಳೀಬೇಕಲ್ರಿ?" ಎಂದ.

ಕೆಲಸ ನನಗೆ ಹಿಡಿಸಿತ್ತು. ಪುಸ್ತಕಕ್ಕೆ ನಂಬರು ಹಾಕುವುದು, ಕಾರ್ಡು ಬರೆಯುವುದು, ಹರಿದ ಬೆನ್ನಿಗೆ ಬಟ್ಟೆ ಅಂಟಿಸುವುದು, ಇದರಲ್ಲಿ ಹಗಲು ಹೋಗುವುದೇ ತಿಳಿಯುತ್ತಿರಲಿಲ್ಲ. ಕಷ್ಟವಾಗುತ್ತಿದ್ದುದು ಭಾನುವಾರ. ನರಸೀಪುರದಲ್ಲಾದರೆ ಹೊಳೆ ದಂಡೆಗೆ ಹೋಗಿ ಕೂರುತ್ತಿದ್ದೆ. ಇಲ್ಲಿ ಕಣ್ಣು ಹಾಯಿಸಿದಷ್ಟು ಕರಿಮಣ್ಣು, ಅದರ ಮೇಲೆ ಅಷ್ಟೇ ಅಗಲದ ಆಕಾಶ. ನಡುವೆ ನಾನು ಒಬ್ಬಳೇ ಎದ್ದು ಕಾಣುತ್ತೇನೆ ಅನ್ನಿಸುತ್ತಿತ್ತು. ಮನೆಯಲ್ಲಿ ಕೂತು ರೇಡಿಯೋ ಹಚ್ಚುತ್ತಿದ್ದೆ. ನಾಟಕ ಬಂದರೆ ಬಿಡುತ್ತಿರಲಿಲ್ಲ. ಚಿಕ್ಕಂದಿನಿಂದ ನನಗೆ ನಾಟಕದ ಹುಚ್ಚು. ವೇಷ ಹಾಕಲು ಅಪ್ಪ ಬಿಡಲಿಲ್ಲ, ಹಾಗಾಗಿ ಕೇಳುವ ಹುಚ್ಚಾಗಿ ಉಳಿಯಿತು. ರೇಡಿಯೋದಲ್ಲಿ ಕೇಳಿದ್ದನ್ನು ಪಾತ್ರೆ ತೊಳೆಯುತ್ತ ಎಲ್ಲ ಪಾತ್ರಗಳ ಧ್ವನಿಯಲ್ಲೂ ಆಡಿಕೊಳ್ಳುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಪೀರಪ್ಪ ಕೌಂಟರಿನ ಮುಂದೆ ಕೈ ಕಟ್ಟಿ ನಿಂತ. ಹಲಸಂಗಿ ದಾರಿಯಲ್ಲಿರುವ ಅವನ ಊರಿನವರು ಯುಗಾದಿ ಕಳೆದ ಮೇಲೆ ನಾಟಕ ಆಡುವವರಿದ್ದರು. "ಗುದ್ದಾಟ ಗೆದ್ದ ಗರತಿ ಅರ್ಥಾತ್ ಗೌಡರ ಗರ್ವಭಂಗ" ಎಂಬ ಹಳೆಯ ನಾಟಕ. ಪುಸ್ತಕ ಎಲ್ಲಿಯೂ ಸಿಗುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ನಮ್ಮ ಲೈಬ್ರರಿಗೆ ದಾನ ಕೊಟ್ಟ ಗಂಟಿನಲ್ಲಿ ಅದರ ಒಂದು ಪ್ರತಿ ಇತ್ತು. ನಾನೇ ಅದರ ಮೇಲೆ "ಹೊರಗೆ ಕೊಡುವಂತಿಲ್ಲ" ಎಂದು ಕೆಂಪು ಚೀಟಿ ಅಂಟಿಸಿದ್ದೆ.

"ಆಗಲ್ಲ ಪೀರಪ್ಪ. ಒಂದೇ ಪ್ರತಿ, ಕಾಗದ ಒಣರೊಟ್ಟಿಯ ಹಾಗಾಗಿದೆ. ಮುಟ್ಟಿದರೆ ಮುರಿಯತ್ತೆ."

"ಜ್ವಾಕಿ ಮಾಡ್ತೇನ್ರಿ."

"ಊಹೂಂ. ಇದು ನನ್ನ ಕಣ್ಣೆದುರೇ ಇರಬೇಕು."

ಪೀರಪ್ಪ ಯೋಚಿಸಿದ. "ಹಂಗಾರ ನೀವಽ ಬುಕ್ಕಿನ ಸಂಗಾಟ ಬರ್ರಿ. ನಿಮ್ಮ ಕಣ್ಣು ಬಂದಂಗೂ ಆತು, ಬುಕ್ಕು ಬಂದಂಗೂ ಆತು."

ಅವನು ತಮಾಷೆಗೆ ಹೇಳಿದ್ದು. ನಾನು ಭಾನುವಾರದ ಬೇಸರಕ್ಕೆ ಹ್ಞೂಂ ಎಂದುಬಿಟ್ಟೆ. ಸಾಹೇಬರ ಅನುಮತಿ ಕೇಳಿದೆ. ಬಿರಾದಾರ ಸರ್ ಎಂದು ನಮ್ಮ ಕೇಂದ್ರದ ಮುಖ್ಯಸ್ಥರು, ಮಾತು ಕಡಿಮೆ. "ಪುಸ್ತಕದ ಜೋಡಿ ಲೈಬ್ರರಿ ಬಾಯಾರನ್ನೂ ಇಶ್ಯೂ ಮಾಡಿದಂಗಾತು. ಹೋಗ್ರಿ, ಹೊಳ್ಳಿ ಮಾತ್ರ ಜಮಾ ಆಗ್ರಿ" ಎಂದರು. ಹೊಳ್ಳಿ ಎಂದರೆ ಹಿಂದಿರುಗಿ.

ತಾಲೀಮು ಊರಿನ ಸಾಲೆಯಲ್ಲಿ. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರೇ ನಾಟಕ ಕಲಿಸುವವರೂ ಹೌದು. ನನ್ನ ಕೈಲಿದ್ದ ಪುಸ್ತಕ ಇಸಿದುಕೊಳ್ಳಲು ಬಂದರು. ನಾನು ಕೊಡಲಿಲ್ಲ. "ಹಂಗಾದ್ರ ನೀವಽ ಓದಿ ಹೇಳಿಕೊಡ್ರಿ" ಎಂದು ಅವರು ಪೇಟಿಯ ಮುಂದೆ ಕೂತರು. ಹೀಗೆ ನಾನು, ಪುಸ್ತಕ ಬಿಡಲಾರದ ಒಂದೇ ಕಾರಣಕ್ಕೆ, ನಾಟಕ ಹೇಳಿಕೊಡುವವಳಾದೆ. ಪರದೆಯ ಹಿಂದೆ ನಿಂತು, ಮಾತು ಮರೆತವರಿಗೆ ಮೊದಲ ಶಬ್ದ ಎತ್ತಿಕೊಡುವ ಕೆಲಸ.

ಪೀರಪ್ಪನದು ದುಷ್ಟ ಗೌಡನ ಪಾತ್ರ. ಅವನ ಮೊದಲ ಮಾತು: "ಈ ಊರಾಗ ಗಾಳಿ ಬೀಸಬೇಕಾದ್ರೂ ಈ ಗೌಡನ ಹುಕುಂ ಬೇಕು!" ನಾನು ಅದನ್ನು ಓದಿದೆ. ನನ್ನ ನಾಲಗೆಯ ಮೇಲೆ ಅದು, "ಈ ಊರಾಗ... ಗಾಳಿ ಬೀಸಬೇಕಾದ್ರೂ... ಈ ಗೌಡನ ಹುಕುಂ ಬೇಕು" ಎಂದು ಜಾಜಿಹೂವಿನ ಹಾಗೆ ಉದುರಿತು. ಮಾಸ್ತರರು ನಿಧಾನವಾಗಿ, "ಬಾಯಾರ, ಇದು ಗೌಡ ಗದರಿಸಿದಂಗ ಆಗಲಿಲ್ರಿ. ಗೌಡ ಗಾಳಿಗೆ ಅರ್ಜಿ ಬರದಂಗ ಆತು" ಎಂದರು. ಇಡೀ ಊರು ನಕ್ಕಿತು. ಕಷ್ಟವೇನೆಂದರೆ ಪೀರಪ್ಪ ನಾನು ಹೇಳಿದ ಧಾಟಿಯನ್ನೇ ಹಿಡಿಯುತ್ತಿದ್ದ. ಅಷ್ಟು ದೊಡ್ಡ ಮೀಸೆಯ ಗೌಡ, ಚಾಕು ಹಿಡಿದು, ಮೈಸೂರಿನ ಮದುವೆಮನೆಯಲ್ಲಿ ಊಟಕ್ಕೆ ಏಳಿ ಎನ್ನುವವರ ಹಾಗೆ ಮಾತಾಡುತ್ತಿದ್ದ.

ಚಾಚಿಗೆ ಇದನ್ನು ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದರು. "ಸಿಟ್ಟು ಹೊಟ್ಟಿಯಿಂದ ಬರಬೇಕವಾ, ನೀ ಮೂಗಿನಿಂದ ತರಾಕತ್ತಿ. ರೊಟ್ಟಿ ಬಡದಂಗ ಮಾತ ಬಡಿ. ಹ್ಞಾಂ, ಹೇಳು" ಎಂದರು. ಅಂದಿನಿಂದ ಸಂಜೆ ನಮ್ಮ ತಾಲೀಮು ಅಡುಗೆಮನೆಯಲ್ಲಿ. ಚಾಚಿ ಗರತಿ, ನಾನು ಗೌಡ. ಒಮ್ಮೆ ಅದಲುಬದಲು. ಅವರು ಮಾತಿಗೊಂದು ರೊಟ್ಟಿ ಬಡಿದು ತಾಳ ಹಾಕುತ್ತಿದ್ದರು. ಒಂದು ಸಂಜೆ ನನಗೆ ನಿಜವಾಗಿಯೂ ಆ ಧಾಟಿ ಹತ್ತಿತು. ಎದೆ ಸೆಟೆಸಿ, ಲಟ್ಟಣಿಗೆ ಎತ್ತಿ ಕೂಗಿದೆ:

"ಏ ಗೌಡಾ! ನಿನ್ನ ರಗತಾ ಕುಡದಽ ನಾ ಊಟಾ ಮಾಡಾಕಿ!"

ಚಾಚಿ ಹಿಟ್ಟಿನ ಕೈ ಎತ್ತಿ, "ಮೊದಲ ನನ್ನ ಮನೀ ಬಿಟ್ಟು ಹೊರಗ ನಡಿ!" ಎಂದು ಗುಡುಗಿದರು.

ಬಾಗಿಲಲ್ಲಿ ಧಪ್ ಎಂದು ಸದ್ದಾಯಿತು. ಖಾದರಸಾಬ್ ಚಾಚಾ ನಿಂಬೆಯ ಚೀಲ ಕೆಳಗೆ ಬಿಟ್ಟು ನಿಂತಿದ್ದರು. ಅವರ ಹಿಂದೆ ಓಣಿಯ ಆರೆಂಟು ಜನ. ಒಬ್ಬಾಕೆ ಜಗಳ ಬಿಡಿಸಲು ನೀರಿನ ಬಿಂದಿಗೆಯನ್ನೇ ತಂದಿದ್ದಳು. ಚಾಚಾ ಹೆಂಡತಿಗೆ ಮೆತ್ತಗೆ ಕೇಳಿದರು: "ಬಾಡಿಗಿ ಏನರ ಜಾಸ್ತಿ ಕೇಳಿದಿ ಏನು?"

ನಾಟಕ ಎಂದು ತಿಳಿದ ಮೇಲೂ ಓಣಿಯವರು ಹೋಗಲಿಲ್ಲ. ಅಲ್ಲೇ ಕೂತು, "ಇನ್ನೊಮ್ಮೆ ಮಾಡ್ರಿ, ನಮಗ ಮೊದಲಿಂದ ಕೇಳಿಸಲಿಲ್ಲ" ಎಂದರು. ಆ ದಿನ ರೊಟ್ಟಿ ಹೊತ್ತಿಹೋದವು.

ಈ ನಡುವೆ ಅಮ್ಮ ಸುಮ್ಮನಿರಲಿಲ್ಲ. ಮೈಸೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಜಾಗ ಖಾಲಿ ಇದೆ ಎಂದು ಪೇಪರಿನ ತುಣುಕು ಕಳಿಸಿದ್ದಳು. ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕರೆ ಬಂತು. ನಾಟಕ ಭಾನುವಾರ, ಸಂದರ್ಶನ ಮರುದಿನ ಮಧ್ಯಾಹ್ನ. ಬಿರಾದಾರ ಸರ್ ಬಳಿ ಒಪ್ಪಿಗೆ ಕೇಳಲು ಹೋದೆ. ಅವರು ಸಹಿ ಹಾಕಿ, ಕಾಗದ ನನ್ನ ಕಡೆ ಸರಿಸುತ್ತ, "ಬೆಂಗಳೂರು ಮೈಸೂರು ಕಡೆಯಿಂದ ಬಂದವರಿಗೆ ಇಲ್ಲಿ ಬ್ಯಾಗು ಬಿಚ್ಚಲಿಕ್ಕೂ ಮನಸಾಗಂಗಿಲ್ಲ. ನೀವು ಬಿಚ್ಚೀರಿ ಅನಕೊಂಡಿದ್ದೆ. ಇರಲಿ, ಚೊಲೋ ಆಗ್ಲಿ" ಎಂದರು. ಆ ಮಾತಿನಲ್ಲಿ ಕೋಪವಿದ್ದಿದ್ದರೆ ಸುಲಭವಿತ್ತು. ಇರಲಿಲ್ಲ.

ನಾಟಕವನ್ನು ಹಗಲೇ ಇಟ್ಟಿದ್ದರು. ರಾತ್ರಿ ಕರೆಂಟನ್ನು ನಂಬುವಂತಿರಲಿಲ್ಲ. ಹಗಲಾದರೆ ಹೆಂಗಸರೂ ಮನೆಗೆಲಸ ಮುಗಿಸಿ ಬರಬಹುದು ಎಂದು ಪೀರಪ್ಪನ ಹೆಂಡತಿ ಹಠ ಹಿಡಿದಿದ್ದಳಂತೆ. ಲೆಕ್ಕಾಚಾರ ಸರಿಯಾಗಿತ್ತು: ಮಧ್ಯಾಹ್ನ ಹನ್ನೆರಡಕ್ಕೆ ಶುರು, ಎರಡೂವರೆಗೆ ಮುಕ್ತಾಯ, ಐದಕ್ಕೆ ಊರ ಮುಂದೆಯೇ ಹಾದುಹೋಗುವ ಬಿಜಾಪುರದ ಬಸ್ಸು ನನಗೆ. ಅಲ್ಲಿಂದ ಮೈಸೂರಿನ ಬಸ್ಸು. ನನ್ನ ಚೀಲ ರಂಗದ ಮಗ್ಗುಲಲ್ಲೇ ಇಟ್ಟುಕೊಂಡಿದ್ದೆ. ಚಾಚಿ, ಚಾಚಾ ಇಬ್ಬರೂ ಮುಂದಿನ ಸಾಲಿನಲ್ಲಿ ಕೂತಿದ್ದರು.

ಹನ್ನೆರಡಕ್ಕೆ ಪರದೆ ಕಟ್ಟುವ ಹಗ್ಗ ಹುಡುಕತೊಡಗಿದರು. ಒಂದಕ್ಕೆ ಸಿಕ್ಕಿತು. ಗರತಿಯ ಪಾತ್ರಕ್ಕೆ ಬೇರೆ ಊರಿಂದ ಬರಬೇಕಾದ ಕಲಾವಿದೆ ಎರಡಕ್ಕೆ ಬಂದರು. ಅವರು ಊಟ ಮಾಡಿದರು. ಮೂರು ಗಂಟೆಗೆ ಪೇಟಿ ಮಾಸ್ತರರು ಮೊದಲ ಸ್ವರ ಹಿಡಿದರು.

ಪರದೆಯ ಹಿಂದೆ ನಿಂತು ನಾನು ಹೇಳಿಕೊಡುತ್ತಿದ್ದೆ. ಮೊದಲು ಪಿಸುದನಿಯಲ್ಲಿ, ಲೈಬ್ರರಿಯಲ್ಲಿ ಅಭ್ಯಾಸವಾದ ಹಾಗೆ. ಪೀರಪ್ಪನಿಗೆ ಕೇಳಿಸಲಿಲ್ಲ. ಅವನು ರಂಗದ ಮೇಲೆಯೇ ಈ ಕಡೆ ತಿರುಗಿ, "ಗಟ್ಟ್ಯಾಗಿ ಹೇಳ್ರಿ ಬಾಯಾರ, ಇದು ಲೈಬ್ರರಿ ಅಲ್ರಿ!" ಎಂದ. ಜನ ಅದೂ ನಾಟಕದ ಮಾತೆಂದು ಚಪ್ಪಾಳೆ ತಟ್ಟಿದರು. ಅಲ್ಲಿಂದ ನಾನು ಧ್ವನಿ ಬಿಟ್ಟೆ. ಎಷ್ಟು ವರ್ಷ ಗಂಟಲಲ್ಲಿ ಮಡಿಸಿಟ್ಟುಕೊಂಡಿದ್ದ ಧ್ವನಿಯೋ, ಅದು ಹೊರಬಂದಾಗ ನನಗೇ ಗುರುತು ಹತ್ತಲಿಲ್ಲ.

ಐದಾಯಿತು. ಕೊನೆಯ ದೃಶ್ಯ ಇನ್ನೂ ಬಾಕಿ. ಗೌಡ ಸಾಯಬೇಕು. ಅಷ್ಟರಲ್ಲಿ ರಸ್ತೆಯ ಮೇಲೆ ಬಸ್ಸು ಬಂತು. ರಂಗ ಕಟ್ಟಿದ್ದು ರಸ್ತೆಯ ಮಗ್ಗುಲಿನಲ್ಲೇ. ಚಾಚಾ ಎದ್ದು ಕೈ ಅಡ್ಡ ಹಿಡಿದರು. ಕಂಡಕ್ಟರ್ ಇಳಿದು, "ಲಗೂ ಹತ್ತ್ರಿ" ಎಂದವನು ರಂಗದ ಕಡೆ ನೋಡಿ, "ಈ ಗೌಡ ಇನ್ನೂ ಸತ್ತಿಲ್ಲ?" ಎಂದ. ಇಲ್ಲ ಎಂದರು. ಅವನು ಡ್ರೈವರನ ಮುಖ ನೋಡಿದ. ಡ್ರೈವರ್ ಎಂಜಿನ್ ಬಂದ್ ಮಾಡಿದ. ಪ್ರಯಾಣಿಕರು ಆ ಕಡೆಯವರೆಲ್ಲ ಈ ಕಡೆಯ ಕಿಟಕಿಗೆ ಬಂದರು, ಬಸ್ಸು ಒಂದು ಮಗ್ಗುಲಿಗೆ ವಾಲಿತು. ಒಬ್ಬ ಹಿರಿಯರು ಮಾತ್ರ, "ನಾ ಮಗಗ ಕನ್ಯಾ ನೋಡಾಕ ಹೊಂಟೇನಿ, ಹುಡುಗಿ ಕಡೆಯವರು ಕಾಯಾಕತ್ತಾರ" ಎಂದು ರೇಗಿದರು. ಐದು ನಿಮಿಷ ಬಿಟ್ಟು ಅವರೇ ಪಕ್ಕದವರನ್ನು, "ಆಕಿ ಯಾಕ ಅಳಾಕತ್ತಾಳ?" ಎಂದು ಕೇಳುತ್ತಿದ್ದರು.

ಆದರೆ ಎಷ್ಟು ಹೊತ್ತು ನಿಲ್ಲಿಸುವುದು? ಕಂಡಕ್ಟರ್ ನನ್ನನ್ನು ಹತ್ತಿಸಿದ. ನಾನು ಕಿಟಕಿಯ ಹತ್ತಿರ ಕೂತೆ. ಬಸ್ಸು ಗುರುಗುಟ್ಟಿತು. ರಂಗದ ಮೇಲೆ ಗರತಿ ಚಾಕು ಎತ್ತಿದರು, ಗೌಡ ಎದೆ ಹಿಡಿದು ಮಂಡಿಯೂರಿದ. ಊರೆಲ್ಲ ಉಸಿರು ಹಿಡಿಯಿತು. ಪೀರಪ್ಪ ಬಾಯಿ ತೆರೆದ. ಮಾತು ಬರಲಿಲ್ಲ. ಪರದೆಯ ಕಡೆ ನೋಡಿದ. ಅಲ್ಲಿ ಯಾರೂ ಇಲ್ಲ. ಅವನ ಕಣ್ಣು ಗಾಬರಿಯಿಂದ ಅಲ್ಲಿ ಇಲ್ಲಿ ಹುಡುಕಿ ಬಸ್ಸಿಗೆ ಬಂತು.

ನಾನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದೆ: "ನನ್ನ ಪಾಪಕ್ಕ ನಾನಽ ಬಲಿ ಆದ್ನಿ! ಊರಾಗಿನ ಗಾಳಿಗೆ ಇನ್ನ ಯಾರ ಹುಕುಮೂ ಬ್ಯಾಡಾ!"

ಪೀರಪ್ಪ ಅಕ್ಷರ ಬಿಡದೆ ಹೇಳಿ, ಧೊಪ್ಪೆಂದು ಬಿದ್ದು ಸತ್ತ. ಚಪ್ಪಾಳೆ, ಸೀಟಿ, ಟೋಪಿ ಗಾಳಿಯಲ್ಲಿ. ಬಸ್ಸಿನ ಮೇಲೆ ಕೂತಿದ್ದ ಒಬ್ಬ, "ಧ್ವನಿ ಅಂದ್ರ ಇದು ಧ್ವನಿ!" ಎಂದು ಬಸ್ಸಿನ ತಗಡು ಬಡಿದ. 'ನಾನಽ ಬಲಿ ಆದ್ನಿ' ಎಂದದ್ದರಲ್ಲಿ ಮೈಸೂರಿನ ಒಂದು ಎಳೆಯೂ ಇರಲಿಲ್ಲ. ಬಸ್ಸು ಹೊರಟಿತು. ತಿರುಗಿ ನೋಡಿದೆ. ಸತ್ತ ಗೌಡ ಮಲಗಿದಲ್ಲಿಂದಲೇ ಒಂದು ಕೈ ಎತ್ತಿ ನನಗೆ ಟಾಟಾ ಮಾಡುತ್ತಿದ್ದ.

ಮನಸ್ಸು ತುಂಬಿ ಸೀಟಿಗೆ ಒರಗಿದಾಗ ಗೊತ್ತಾಯಿತು, ಪುಸ್ತಕ ನನ್ನ ಮಡಿಲಲ್ಲೇ ಇದೆ. ಓದುವ ಕೋಣೆಯಿಂದ ಆಚೆ ಕೊಡಬಾರದೆಂದು ಕೆಂಪು ಚೀಟಿ ಅಂಟಿಸಿಕೊಂಡ ಆ ಮುದಿ ಪುಸ್ತಕ ನನ್ನೊಂದಿಗೆ ಮೈಸೂರು ನೋಡಿ ಬಂತು.

ಸಂದರ್ಶನ ಚೆನ್ನಾಗಿಯೇ ಶುರುವಾಯಿತು. ಮೂವರು ಕೂತಿದ್ದರು. ಅಲ್ಲಿ ಎಷ್ಟು ಮೌನವೆಂದರೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಪುಸ್ತಕ ವರ್ಗೀಕರಣದ ಬಗ್ಗೆ ಕೇಳಿದರು, ಹೇಳಿದೆ. "ಗ್ರಾಮೀಣ ಭಾಗದಲ್ಲಿ ಕೆಲಸ ಮಾಡಿದ ಅನುಭವ ಇದೆ, ಅಲ್ವೇ?" ಎಂದರು.

"ಹೌದ್ರೀ ಸರ!" ಎಂದೆ.

ನಡುವೆ ಕೂತ ಮೇಡಮ್ ಅವರ ಪೆನ್ನು ಕೆಳಗೆ ಬಿತ್ತು. ಜವಾನ ಬಾಗಿಲಲ್ಲಿ ಇಣುಕಿದ. ಅಧ್ಯಕ್ಷರು ಬಹಳ ವಿನಯದಿಂದ, "ಸ್ವಲ್ಪ ಮೆಲ್ಲಗೆ ಮಾತಾಡಿಮ್ಮಾ, ಪಕ್ಕದಲ್ಲೇ ಓದುವ ಕೋಣೆ ಇದೆ" ಎಂದರು. ಆಮೇಲೆ, "ಆ ಕಡೆಯವರಿಗೆ ಇಲ್ಲಿನ ವಾತಾವರಣ ಹೊಂದತ್ತಾ? ಊಟ ತಿಂಡಿ ಎಲ್ಲ ಬೇರೆ ನೋಡಿ" ಎಂದು ಕಾಳಜಿಯಿಂದ ಕೇಳಿದರು.

"ನಾನು ನರಸೀಪುರದವಳು ಸಾರ್. ಇಲ್ಲಿಂದ ಒಂದು ಗಂಟೆ ದಾರಿ."

"ಹೌದಾ?" ಎಂದರು ಅವರು, ನಂಬದೆ. "ಮಾತು ಹಾಗಿಲ್ವಲ್ಲ!"

ನರಸೀಪುರದಲ್ಲಿ ಎರಡು ದಿನ ಇದ್ದೆ. ಹೊಳೆ ಅಲ್ಲೇ ಇತ್ತು. ನಾನು ದಂಡೆಯ ಮೆಟ್ಟಿಲ ಮೇಲೆ ಕೂತರೆ ಆಕಾಶ ಚಿಕ್ಕದಾಗಿದೆ ಅನ್ನಿಸಿತು, ಮರಗಳೆಲ್ಲ ಸುತ್ತ ಮುತ್ತಿಗೆ ಹಾಕಿದ ಹಾಗೆ. ಅಮ್ಮ ಮಾಡಿದ ಸಾರಿಗೆ, "ಖಾರ ಬ್ಯಾಡೇನು?" ಎಂದು ಬಾಯಿ ತಪ್ಪಿ ಕೇಳಿದೆ. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು.

ಇಂಡಿಗೆ ಮರಳಿ ಪುಸ್ತಕವನ್ನು ಕಪಾಟಿಗೆ ಸೇರಿಸಿದೆ. ಬಿರಾದಾರ ಸರ್ ನೋಡಿ, "ಎರಡೂ ಹೊಳ್ಳಿ ಬಂದೀರಿ, ಚೊಲೋ ಆತು" ಎಂದರು. ತಿಂಗಳ ಮೇಲೆ ಮೈಸೂರಿನಿಂದ ಕಾಗದ ಬಂತು. ನಾನು ಆಯ್ಕೆಯಾಗಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಾಗ ಅಳು ಬಂತು. ಹುಟ್ಟಿದ ಸೀಮೆಯವರು ನನ್ನನ್ನು ಪರವೂರಿನವಳು ಎಂದರಲ್ಲ. ಅಳುತ್ತಿರುವಾಗಲೇ, ನಾಳೆ ಬಸವನ ಬಾಗೇವಾಡಿಯ ಹುಡುಗರಿಗೆ ಹೊಸ ಪುಸ್ತಕದ ಕಟ್ಟು ಬಿಚ್ಚಬೇಕೆಂದು ನೆನಪಾಗಿ ಹಗುರವೂ ಆಯಿತು. ಎರಡೂ ಒಟ್ಟಿಗೇ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಚಾಚಿ ಕಾಗದದಲ್ಲಿ ಏನಿದೆಯೆಂದು ತಿಳಿದು, "ಎಂಥಾ ಮಂದಿ ಅದಾರವಾ, ಬಂಗಾರದಂಥ ಹುಡುಗಿನ್ನ ಬ್ಯಾಡ ಅಂದ್ರು!" ಎಂದು ಮೈಸೂರಿಗೆಲ್ಲ ಬೈದರು. ಬೈಯುತ್ತಲೇ ಗೋದಿ ಹಿಟ್ಟು, ಬೆಲ್ಲ ತೆಗೆದು ಮಾದಲಿ ಮಾಡಲು ಕೂತರು. ಸಿಹಿ ಯಾಕೆ ಎಂದರೆ, "ದುಃಖಕ್ಕ ಮಾಡಾಕತ್ತೇನಿ, ಸುಮ್ಮ ತಿನ್ನು" ಎಂದರು. ಅವರ ಮುಖದಲ್ಲಿ ಹುಡುಕಿದರೂ ದುಃಖ ಸಿಗಲಿಲ್ಲ.

ಸಂಜೆ ಬಜಾರಿನ ಎಸ್.ಟಿ.ಡಿ. ಬೂತಿಗೆ ಹೋಗಿ ಅಮ್ಮನಿಗೆ ಫೋನು ಮಾಡಿದೆ. ನಮ್ಮ ಬೀದಿಯ ಅಂಗಡಿಯ ನಂಬರು. ಅಮ್ಮ ಓಡಿ ಬಂದಿರಬೇಕು, ಏದುಸಿರು ಕೇಳಿಸುತ್ತಿತ್ತು. ವಿಷಯ ಹೇಳಿದೆ.

"ಹಾಗಾದ್ರೆ ನೀನು ಬರೋದೇ ಇಲ್ವಾ?"

"ಬರ್ತೀನಮ್ಮ. ರಜಕ್ಕೆ ಬರ್ತೀನಿ."

"ರಜಕ್ಕೆ ಬರೋರನ್ನ ನೆಂಟರು ಅಂತಾರೆ ಕಣೇ." ಆಮೇಲೆ ಕೇಳಿದಳು: "ಅದೇ ಊರಾಗೋಯ್ತಾ ನಿಂಗೆ?"

ಇಲ್ಲ ಎನ್ನಲು ಬಾಯಿ ತೆರೆದೆ. ಹೌದು ಎನ್ನಲೂ ತೆರೆದೆ. "ಊರು ಅದೇ ಅಮ್ಮ, ನರಸೀಪುರನೇ. ಆದ್ರೆ ಇದು..." ಅಲ್ಲಿಗೆ ನಿಂತುಬಿಟ್ಟೆ. ಮುಂದಿನ ಮಾತು ಬರಲೊಲ್ಲದು. ಗಾಜಿನ ಆಚೆ ಮೀಟರಿನ ಕೆಂಪು ಅಂಕಿ ಏರುತ್ತಿತ್ತು. ಬೂತಿನವನು ನನ್ನ ಮುಖ, ಮೀಟರಿನ ಮುಖ ನೋಡಿ, ತಡೆಯಲಾರದೆ ಬಾಗಿಲು ಸರಿಸಿ ತಲೆ ಹಾಕಿದ:

"ಇದೂ ಊರಽ ಅನ್ರಿ ಬಾಯಾರ! ಬಿಲ್ಲ ಏರಾಕತ್ತೈತಿ!"

"ಇದೂ ಊರೇ ಅಮ್ಮ" ಎಂದೆ.

ಆ ಕಡೆಯಿಂದ ಅಮ್ಮ ಕೇಳಿದಳು: "ಯಾರೇ ಅದು, ಹೇಳಿಕೊಡ್ತಾ ಇರೋದು?"